ಇಸುಬಿಗೆ ಏನು ಹಚ್ಚಬೇಕು, ಎಷ್ಟು ಹಚ್ಚಬೇಕು: ಮುಲಾಮು, ಕ್ರೀಂ, ಚುಚ್ಚುಮದ್ದುಗಳ ವಿಮರ್ಶೆ

ಮೈಯ ಬಹುಭಾಗ ಇಸುಬು ಇರುವ ವಯಸ್ಕರೊಬ್ಬರಿಗೆ 100 ಗ್ರಾಮಿನ ಮಾಯಿಶ್ಚರೈಸರ್ ಒಂದು ತಿಂಗಳು ಬಂತೆಂದರೆ ಅದು ಉಳಿತಾಯವಲ್ಲ, ಕಾಯಿಲೆ ಇಳಿಯದೆ ಇರುವುದಕ್ಕೆ ಅದೇ ಕಾರಣ. ಅಂಥವರಿಗೆ ಒಂದು ವಾರಕ್ಕೇ 250ರಿಂದ 500 ಗ್ರಾಂ ಬೇಕು. ಸ್ಟೀರಾಯ್ಡ್ ಮುಲಾಮಿನದೂ ಇದೇ ಪಾಡು. ಇಡೀ ಮೈಗೆ ಒಂದು ಸಲ ಸರಿಯಾಗಿ ಹಚ್ಚಲು ಸುಮಾರು 20 ಗ್ರಾಂ ಹಿಡಿಯುತ್ತದೆ, ಆದರೆ ಕೈಗೆ ಸಿಗುವ ಟ್ಯೂಬಿನಲ್ಲಿ ಎಷ್ಟೋ ಸಲ ಇರುವುದು ಅದಕ್ಕಿಂತಲೂ ಕಡಿಮೆ. ಇಸುಬಿಗೆ ಯಾವ ಕ್ರೀಂ ಒಳ್ಳೆಯದು ಎಂದು ಕೇಳುವವರು ಆ ಪ್ರಶ್ನೆಗೆ ಮೊದಲು ಎಷ್ಟು ಹಚ್ಚುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಔಷಧಿ ಸೋತಿತು ಎಂದು ಬದಿಗಿಟ್ಟ ಟ್ಯೂಬುಗಳಲ್ಲಿ ಅನೇಕವು ಸೋತಿರುವುದಿಲ್ಲ, ಸಾಲದೆ ಹೋಗಿರುತ್ತವೆ.

ಇಲ್ಲಿ ಇಸುಬು ಎಂದರೆ ಅಟೋಪಿಕ್ ಡರ್ಮಟೈಟಿಸ್: ವರ್ಷಗಟ್ಟಲೆ ಬಂದು ಹೋಗುವ, ಬಂದಾಗ ನಿದ್ದೆಗೆಡಿಸುವ ತುರಿಕೆ. ಮಾತಿನಲ್ಲಿ ಇಸುಬು, ಕಜ್ಜಿ, ಹುಳುಕಡ್ಡಿ, ಗಜಕರ್ಣ ಇವು ಒಂದರ ಬದಲು ಇನ್ನೊಂದು ಬಳಕೆಯಾಗುತ್ತವೆ. ಮಾತಿಗೆ ಅದು ನಡೆದೀತು, ಮುಲಾಮಿಗೆ ನಡೆಯುವುದಿಲ್ಲ. ಕಜ್ಜಿ ಚರ್ಮದೊಳಗೆ ಕೊರೆಯುವ ನುಸಿಯಿಂದ ಬರುತ್ತದೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಗುಪ್ತಾಂಗದ ಬಳಿ ರಾತ್ರಿ ಹೊತ್ತು ವಿಪರೀತ ತುರಿಸುತ್ತದೆ, ಮನೆಯ ಇತರರಿಗೂ ಹತ್ತುತ್ತದೆ. ಅದಕ್ಕೆ ಶೇ. 5ರ ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಕಾಲಬೆರಳಿನವರೆಗೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು, ಒಂದು ವಾರದ ನಂತರ ಇನ್ನೊಮ್ಮೆ ಹಚ್ಚಬೇಕು, ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಹುಳುಕಡ್ಡಿ ಶಿಲೀಂಧ್ರದ ಸೋಂಕು. ಬಳೆಯಾಕಾರದಲ್ಲಿ ಹರಡುತ್ತದೆ, ಅಂಚು ಉಬ್ಬಿ ಹೊಟ್ಟೇಳುತ್ತದೆ, ನಡುವೆ ತಿಳಿಯಾಗಿರುತ್ತದೆ. ಇಸುಬು ಎಂದುಕೊಂಡು ಇದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಎರಡು ದಿನ ತುರಿಕೆ ತಗ್ಗುತ್ತದೆ, ಆಮೇಲೆ ಶಿಲೀಂಧ್ರ ಕಾಡಿನಂತೆ ಬೆಳೆಯುತ್ತದೆ. ಬಳೆಯ ಆಕಾರವೂ ಅಳಿಸಿಹೋಗಿ ವೈದ್ಯರಿಗೇ ಗುರುತು ಹಿಡಿಯುವುದು ಕಷ್ಟವಾಗುತ್ತದೆ.

ಈ ಕಾರಣಕ್ಕೇ ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ‘ಎಲ್ಲದಕ್ಕೂ ಒಂದೇ’ ಕ್ರೀಮುಗಳಿಗೆ ನಾವು ಶೂನ್ಯ ಅಂಕ ಕೊಡುತ್ತೇವೆ. ಏನು ಕಾಯಿಲೆ ಎಂದು ತಿಳಿಯದೆ ಹಚ್ಚುವುದಕ್ಕೆಂದೇ ಇರುವಂಥವು ಅವು. ಒಳಗಿನ ಸ್ಟೀರಾಯ್ಡ್ ಹಲವು ಸಲ ಕ್ಲೊಬೆಟಸಾಲ್ ಎಂಬ ಅತಿ ಬಲದ ಸ್ಟೀರಾಯ್ಡಿನಷ್ಟು ಜೋರಾದದ್ದು. ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳ್ಳಗಾಗಿ, ಸೀಳಿದಂಥ ಗೆರೆಗಳು ಮೂಡಿ ಶಾಶ್ವತವಾಗಿ ಉಳಿಯುತ್ತವೆ.

ಇಸುಬಿನ ಗುರುತುಗಳು ಬೇರೆ. ಮೊಳಕೈಯ ಒಳಮಡಿಕೆ, ಮಂಡಿಯ ಹಿಂಬದಿ, ಕುತ್ತಿಗೆ. ಕೂಸುಗಳಲ್ಲಿ ಕೆನ್ನೆ ಮತ್ತು ಕೈಕಾಲಿನ ಹೊರಮೈ. ಚಿಕ್ಕಂದಿನಲ್ಲೇ ಶುರುವಾಗಿರುತ್ತದೆ, ಮೈ ಒಣಕಲಾಗಿರುತ್ತದೆ, ಮನೆಯಲ್ಲಿ ಯಾರಿಗಾದರೂ ಆಸ್ತಮಾ ಅಥವಾ ಅಲರ್ಜಿಯ ಸೀನು ಇರುವುದು ಸಾಮಾನ್ಯ. ಪುಸ್ತಕಗಳು ಕೆಂಪಗಾಗುತ್ತದೆ ಎನ್ನುತ್ತವೆ, ಆದರೆ ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಆ ಕೆಂಪು ಅನೇಕ ಸಲ ಎದ್ದು ಕಾಣುವುದಿಲ್ಲ. ನೇರಳೆ, ಬೂದು ಅಥವಾ ಗಾಢ ಕಂದು ಬಣ್ಣ ಕಾಣುತ್ತದೆ. ಕೆಂಪಿಲ್ಲ, ಹಾಗಾಗಿ ಕಡಿಮೆಯೇ ಇದೆ ಎಂದು ತಿಳಿದು ಮೋಸಹೋಗಬಾರದು.

ಚರ್ಮದ ಹೊರಪದರದ ಜೀವಕೋಶಗಳ ನಡುವೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು ತುಂಬಿಕೊಂಡು ನೀರನ್ನು ಒಳಗೂ ಕೊಳೆ, ಅಲರ್ಜಿಕಾರಕಗಳನ್ನು ಹೊರಗೂ ಹಿಡಿದಿಡುತ್ತವೆ. ಈ ಪದರ ಗಟ್ಟಿಯಾಗಲು ಫಿಲಾಗ್ರಿನ್ ಎಂಬ ಪ್ರೊಟೀನು ಬೇಕು. ಅದರ ಜೀನ್ ಕೆಟ್ಟಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂಬುದು 2006ರಲ್ಲಿ ಗೊತ್ತಾಯಿತು. ಸೋರುವ ಚರ್ಮದೊಳಗೆ ಹೊರಗಿನದು ನುಗ್ಗಿದಾಗ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್ 4, 13, 31 ಎಂಬ ಸಂಕೇತಗಳನ್ನು ಬಿಡುತ್ತವೆ. 31 ನೇರವಾಗಿ ತುರಿಕೆಯ ನರಗಳನ್ನೇ ಕೆರಳಿಸುತ್ತದೆ. ಕೆರೆದರೆ ಪದರ ಇನ್ನಷ್ಟು ಹರಿಯುತ್ತದೆ, ಹರಿದಷ್ಟೂ ತುರಿಕೆ ಏರುತ್ತದೆ.

ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ಏಕೆ ನಿರಾಸೆ ಮಾಡುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಅದು ತಡೆಯುವುದು ಹಿಸ್ಟಮೈನನ್ನು. ಪಿತ್ತದ ಗಂಧೆಗೆ ಅದು ಸರಿಯಾದ ಮದ್ದು, ಇಸುಬಿನ ತುರಿಕೆಗೆ ಹಿಸ್ಟಮೈನ್ ಮುಖ್ಯ ಕಾರಣವೇ ಅಲ್ಲ. ಮಂಪರು ತರುವ ಹಳೆಯ ಮಾತ್ರೆಗಳು ತೀರಾ ಕೆಟ್ಟ ಕೆಲವು ರಾತ್ರಿಗಳನ್ನು ದಾಟಿಸಬಹುದು, ಆದರೆ ಮರುದಿನ ಬೆಳಿಗ್ಗೆಯೂ ತೂಕಡಿಕೆ ಉಳಿಯುತ್ತದೆ. ವಾಹನ ಓಡಿಸುವವರು, ಪರೀಕ್ಷೆ ಬರೆಯುವ ಮಕ್ಕಳು ಇದನ್ನು ನೆನಪಿಡಬೇಕು.

ಸೋಪು ಮತ್ತು ಮಾಯಿಶ್ಚರೈಸರ್

ಚರ್ಮದ ಪಿಎಚ್ 5ರ ಆಸುಪಾಸಿನಲ್ಲಿರುತ್ತದೆ, ಮಾಮೂಲಿ ಸೋಪಿನದು 9ರಿಂದ 10. ಪ್ರತಿ ಸ್ನಾನವೂ ಇರುವಷ್ಟು ಕೊಬ್ಬನ್ನೂ ಕರಗಿಸಿಕೊಂಡು ಹೋಗುತ್ತದೆ. ಹೆಚ್ಚು ನೊರೆ ಬರದ, ಸೋಪಿಲ್ಲದ ಕ್ಲೆನ್ಸರ್ ಸಾಕು, ಅದೂ ಕಂಕುಳು, ತೊಡೆಸಂದು, ಪಾದಕ್ಕಷ್ಟೇ. ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಸ್ನಾನ ಮಾಡಿ, ಟವೆಲಿನಿಂದ ಉಜ್ಜದೆ ಒತ್ತಿ ನೀರು ತೆಗೆದು, ಮೈ ಇನ್ನೂ ಪಸೆಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಸುಡುನೀರು ಹೊಯ್ದುಕೊಂಡಾಗ ತುರಿಕೆಗೆ ಹಾಯೆನಿಸುವುದು ನಿಜ. ಅರ್ಧ ಗಂಟೆಯಲ್ಲಿ ಅದು ಬಡ್ಡಿ ಸಮೇತ ವಾಪಸು ಬರುತ್ತದೆ.

ಲೋಷನ್, ಕ್ರೀಂ, ಜೆಲ್, ಮುಲಾಮು ಇವುಗಳಲ್ಲಿ ಯಾವುದು ಮೇಲು? ಬ್ರಿಟನ್ನಿನಲ್ಲಿ 550 ಮಕ್ಕಳ ಮೇಲೆ 16 ವಾರ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗ ಈ ನಾಲ್ಕನ್ನೂ ಹೋಲಿಸಿ ನೋಡಿತು. ಕಾಯಿಲೆ ಇಳಿಸುವುದರಲ್ಲಿ ವ್ಯತ್ಯಾಸ ಸಿಗಲಿಲ್ಲ, ಉರಿ ಮಾತ್ರ ಮುಲಾಮಿನಲ್ಲಿ ಕಡಿಮೆ. ಹಾಗಾಗಿ ದಿನವೂ ಬೇಸರಿಸದೆ ಯಾವುದನ್ನು ಹಚ್ಚಲಾಗುತ್ತದೋ ಅದೇ ಒಳ್ಳೆಯದು. ಸೆಕೆಯಲ್ಲಿ ಜಿಡ್ಡು ಮುಲಾಮು ಬೆವರಿಸಿ ತುರಿಕೆ ಹೆಚ್ಚಿಸಿದರೆ ಹಗಲು ಲೋಷನ್ ಅಥವಾ ಕ್ರೀಂ, ರಾತ್ರಿ ಮುಲಾಮು ಎಂದು ಹಂಚಿಕೊಳ್ಳಬಹುದು. ಸಾದಾ ಬಿಳಿ ಪೆಟ್ರೋಲಿಯಂ ಜೆಲ್ಲಿಗೆ ನಮ್ಮಲ್ಲಿ ಹೆಚ್ಚು ಅಂಕ. ಸುವಾಸನೆಯಿಲ್ಲ, ನೀರಿಲ್ಲದ ಕಾರಣ ಸಂರಕ್ಷಕವೂ ಬೇಕಿಲ್ಲ, ಒಡೆದ ಚರ್ಮಕ್ಕೂ ಉರಿಯುವುದಿಲ್ಲ. ಸೆರಮೈಡ್ ಸೇರಿಸಿದ ದುಬಾರಿ ಕ್ರೀಮುಗಳು ಹಚ್ಚಲು ಹಿತವಾಗಿರುತ್ತವೆ. ಆ ದುಡ್ಡಿಗೆ ಅರ್ಧ ಪ್ರಮಾಣವಷ್ಟೇ ಬರುವುದಾದರೆ ಅಗ್ಗದ್ದನ್ನು ಎರಡರಷ್ಟು ಹಚ್ಚುವುದು ಮೇಲು.

ಯೂರಿಯಾ ಇರುವ ಕ್ರೀಂ ದಪ್ಪಗಟ್ಟಿದ ಒಣ ಹಿಮ್ಮಡಿಗೆ ಒಳ್ಳೆಯದು, ಕೆರೆದು ಹಸಿಯಾದ ಜಾಗಕ್ಕೆ ಬೆಂಕಿ ಇಟ್ಟಂತಾಗುತ್ತದೆ. ಆಲಿವ್ ಎಣ್ಣೆ ಮಾತ್ರ ಬೇಡ, ಅದರ ಓಲಿಯಿಕ್ ಆಮ್ಲ ಚರ್ಮದ ಹೊರಪದರವನ್ನೇ ಸಡಿಲಿಸುತ್ತದೆ. ಲೇಬಲ್ಲಿನಲ್ಲಿ ‘ಪರಿಮಳ’ ಎಂದಿದ್ದರೆ, ಸಂರಕ್ಷಕಗಳಲ್ಲಿ ಮೀಥೈಲ್‌ಐಸೊಥಯಾಜೊಲಿನೋನ್ ಇದ್ದರೆ ಕೆಳಗಿಡಿ. ‘ನೈಸರ್ಗಿಕ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ, ಗಿಡಮೂಲಿಕೆಯ ಸುಗಂಧ ತೈಲಗಳೂ ಅಲರ್ಜಿ ತರುತ್ತವೆ.

ಕೂದಲು ಬೆಳೆಯುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ ಸವರಬೇಕು. ಗುಂಡಗೆ ತಿಕ್ಕಿದರೆ ಜಿಡ್ಡು ರೋಮದ ಬುಡಕ್ಕಿಳಿದು ಕೀವುಗುಳ್ಳೆ ಏಳುತ್ತದೆ. ಡಬ್ಬಿಗೆ ಬೆರಳು ಅದ್ದದೆ ಒಣಗಿದ ಶುದ್ಧ ಚಮಚದಲ್ಲಿ ತೆಗೆಯಿರಿ, ಪಂಪ್ ಇರುವ ಬಾಟಲಿಯಾದರೆ ಇನ್ನೂ ಒಳ್ಳೆಯದು. ಇನ್ನೊಂದು ಎಚ್ಚರಿಕೆಯನ್ನು ಬಹಳ ಜನ ಕೇಳಿಯೇ ಇಲ್ಲ: ಬಟ್ಟೆ, ಹೊದಿಕೆ, ಬ್ಯಾಂಡೇಜುಗಳಲ್ಲಿ ಮುಲಾಮು ಇಂಗಿ ಒಣಗಿದ್ದರೆ ಅವು ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಒಲೆ, ದೀಪ, ಸಿಗರೇಟಿನಿಂದ ದೂರ ಇರಬೇಕು. ಒಗೆದರೂ ಅಂಶ ಪೂರ್ತಿ ಹೋಗುವುದಿಲ್ಲ.

ಸ್ಟೀರಾಯ್ಡ್ ಮುಲಾಮು: ಭಯ ಯಾವುದಕ್ಕೆ, ಯಾವುದಕ್ಕಲ್ಲ

ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಫಲ ಕಂಡದ್ದು 1952ರಲ್ಲಿ. ಅಷ್ಟು ಹಳೆಯ, ಅಷ್ಟು ಪರೀಕ್ಷೆಗೊಳಗಾದ ಔಷಧಿಯ ಬಗ್ಗೆ ಇವತ್ತಿಗೂ ಎರಡು ತಪ್ಪುಗಳು ಜೊತೆಜೊತೆಗೇ ನಡೆಯುತ್ತಿವೆ. ಬೇಕಾದವರು ಹೆದರಿ ಚೂರೇ ಚೂರು ಹಚ್ಚುತ್ತಾರೆ, ಬೇಡದವರು ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚುತ್ತಾರೆ.

ಬಲದಲ್ಲಿ ನಾಲ್ಕು ಮೆಟ್ಟಿಲು. ಶೇ. 1ರ ಹೈಡ್ರೊಕಾರ್ಟಿಸೋನ್ ಸೌಮ್ಯ, ಶೇ. 0.05ರ ಕ್ಲೊಬೆಟಸೋನ್ ಮಧ್ಯಮ, ಶೇ. 0.1ರ ಮೊಮೆಟಸೋನ್ ಮತ್ತು ಬೀಟಾಮೆಥಸೋನ್ ವ್ಯಾಲರೇಟ್ ಬಲವಾದವು, ಶೇ. 0.05ರ ಕ್ಲೊಬೆಟಸಾಲ್ ಅತಿ ಬಲ. ಅಂಕಿಯ ಸೊನ್ನೆ ನೋಡಿ ಬಲ ಅಳೆಯಬಾರದು, ಶೇ. 1ರ ಹೈಡ್ರೊಕಾರ್ಟಿಸೋನ್‌ಗಿಂತ ಶೇ. 0.05ರ ಕ್ಲೊಬೆಟಸಾಲ್ ಎಷ್ಟೋ ಪಟ್ಟು ಜೋರು. ಕ್ಲೊಬೆಟಸೋನ್, ಕ್ಲೊಬೆಟಸಾಲ್ ಹೆಸರುಗಳನ್ನು ಅಂಗಡಿಯಲ್ಲಿ ಅದಲುಬದಲು ಮಾಡುವುದು ಸುಲಭ, ಟ್ಯೂಬಿನ ಮೇಲಿನ ಅಕ್ಷರವನ್ನು ಒಂದೊಂದೇ ಓದಿ. ಮುಖ, ಕಣ್ಣಿನ ರೆಪ್ಪೆ, ತೊಡೆಸಂದಿಗೆ ಸೌಮ್ಯವಾದದ್ದು. ಕೈಕಾಲು, ಮುಂಡಕ್ಕೆ ಮಧ್ಯಮ ಅಥವಾ ಬಲವಾದದ್ದು. ಅಂಗೈ, ಅಂಗಾಲಿಗೆ ಬಲವಾದದ್ದೇ ಬೇಕು. ಅಲ್ಲಿ ಹೈಡ್ರೊಕಾರ್ಟಿಸೋನ್ ಹಚ್ಚುವುದು ಬಂಡೆಗೆ ಎಣ್ಣೆ ಸವರಿದಂತೆ.

ಅಳತೆಗೆ ಬೆರಳಿದೆ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ, 5 ಮಿಲಿಮೀಟರ್ ಬಾಯಿಯ ಟ್ಯೂಬಿನಿಂದ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ವಯಸ್ಕರ ಎರಡು ಅಂಗೈಯಷ್ಟು ಅಗಲದ ಚರ್ಮಕ್ಕೆ ಅದು ಸಾಕು. 1991ರಿಂದ ಚರ್ಮವೈದ್ಯರು ಇದನ್ನೇ ಹೇಳಿಕೊಡುತ್ತಾ ಬಂದಿದ್ದಾರೆ. ವಯಸ್ಕರ ಮುಖ ಮತ್ತು ಕುತ್ತಿಗೆಗೆ ಎರಡೂವರೆ ಅಳತೆ, ಒಂದು ತೋಳಿಗೆ 3, ಆ ಕೈಯ ಹಸ್ತಕ್ಕೆ ಮತ್ತೊಂದು, ಒಂದು ಕಾಲಿಗೆ 6, ಪಾದಕ್ಕೆ 2, ಎದೆ ಮತ್ತು ಹೊಟ್ಟೆಗೆ 7, ಬೆನ್ನಿಗೆ 7. ಮಗುವಿಗೆ ಹಚ್ಚುವಾಗಲೂ ಅಳೆಯುವ ಬೆರಳು ದೊಡ್ಡವರದೇ, ಎಷ್ಟು ಜಾಗ ಎಂಬುದನ್ನು ಎರಡು ಅಂಗೈಯ ಲೆಕ್ಕದಲ್ಲಿ ನೋಡಿಕೊಳ್ಳಿ. ‘ತೆಳುವಾಗಿ ಹಚ್ಚಿ’ ಎಂದು ಬರೆದಿರುವುದು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! ಹಚ್ಚಿದ ಮೇಲೆ ಜಾಗ ಮಿನುಗಬೇಕು.

ದಿನಕ್ಕೆ ಒಂದು ಸಲ ಸಾಕು. ಬಲವಾದ ಮುಲಾಮನ್ನು ಎರಡು ಸಲ ಹಚ್ಚಿದರೆ ಹೆಚ್ಚಿನ ಫಲವೇನೂ ಕಂಡಿಲ್ಲ. ಮಾಯಿಶ್ಚರೈಸರ್ ಮೊದಲೋ ಇದು ಮೊದಲೋ ಎಂಬ ಜಗಳ ದೊಡ್ಡದಲ್ಲ, ನಡುವೆ 20ರಿಂದ 30 ನಿಮಿಷ ಬಿಟ್ಟರೆ ಆಯಿತು. ನಿಲ್ಲಿಸುವುದು ಯಾವಾಗ ಎಂಬುದೇ ದೊಡ್ಡದು. ಮೂರನೇ ದಿನಕ್ಕೆ ತುರಿಕೆ ತಗ್ಗಿತೆಂದು ಬಿಟ್ಟುಬಿಡುತ್ತಾರೆ, ಒಳಗೆ ಉರಿಯೂತ ಇನ್ನೂ ಇರುತ್ತದೆ, ವಾರದೊಳಗೆ ಮತ್ತೆ ಏಳುತ್ತದೆ, ‘ಬಿಟ್ಟರೆ ಬರುತ್ತದೆ’ ಎಂಬ ಅಪವಾದ ಔಷಧಿಯ ತಲೆಗೆ. ಕಣ್ಣು ಮುಚ್ಚಿ ಜಾಗದ ಮೇಲೆ ಕೈಯಾಡಿಸಿ. ಪಕ್ಕದ ಚರ್ಮದಷ್ಟೇ ನುಣುಪಾಗಿ, ದಪ್ಪವೆನಿಸದೆ ಇದ್ದರೆ ನಿಲ್ಲಿಸುವ ಹೊತ್ತು ಬಂದಿದೆ. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹಿಡಿಯುತ್ತದೆ. ಅದೇ ಜಾಗದಲ್ಲಿ ಪದೇಪದೇ ಏಳುವವರು ವಾಸಿಯಾದ ಮೇಲೂ ವಾರದಲ್ಲಿ ಎರಡು ದಿನ ಅಲ್ಲಿಗೆ ಹಚ್ಚುತ್ತಿದ್ದರೆ ಮರುಕಳಿಸುವುದು ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಇಸುಬಿನ ಚಿಕಿತ್ಸೆಯಲ್ಲಿ ಇಷ್ಟು ಉಪಯುಕ್ತವಾಗಿಯೂ ಇಷ್ಟು ಕಡಿಮೆ ಬಳಕೆಯಲ್ಲಿರುವ ವಿಧಾನ ಇನ್ನೊಂದಿಲ್ಲ. ಯಾವ ಮುಲಾಮಿನಿಂದ, ಎಷ್ಟು ತಿಂಗಳು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ.

ಭಯಪಡಬೇಕಾದ ಕಡೆ ಭಯಪಡಲೇಬೇಕು. ಕ್ಲೊಬೆಟಸಾಲ್ ವಾರಕ್ಕೆ 50 ಗ್ರಾಂ ಮೀರಬಾರದು, ಬಿಡದೆ ಎರಡು ವಾರ ದಾಟಬಾರದು. ಮುಖಕ್ಕೆ ಬಲವಾದ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿ ಬಿಟ್ಟಾಗ ಚರ್ಮ ಕೆಂಡದಂತೆ ಉರಿದು ಕೆಂಪೇರುವುದು ನಿಜವಾದ ತೊಂದರೆ. ಆದರೆ ಇಸುಬು ಇಳಿದ ಜಾಗದಲ್ಲಿ ಉಳಿಯುವ ತಿಳಿ ಮಚ್ಚೆ ಬಹುತೇಕ ಉರಿಯೂತದ ಗುರುತು. ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ, ಅದನ್ನು ಮುಲಾಮಿನ ಲೆಕ್ಕಕ್ಕೆ ಬರೆಯಬೇಡಿ.

ಮುಖ, ರೆಪ್ಪೆ, ಕುತ್ತಿಗೆಗೆ ದೀರ್ಘಕಾಲ ಬೇಕಾದಾಗ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಒಳ್ಳೆಯ ಆಯ್ಕೆ. 2ರಿಂದ 15 ವರ್ಷದವರಿಗೆ ಶೇ. 0.03, ಅದಕ್ಕಿಂತ ದೊಡ್ಡವರಿಗೆ ಶೇ. 0.1. ಇದು ಚರ್ಮವನ್ನು ತೆಳ್ಳಗಾಗಿಸುವುದಿಲ್ಲ. ಮೊದಲ ಕೆಲವು ದಿನ ಉರಿಯುತ್ತದೆ, ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಮೂರ್ನಾಲ್ಕು ದಿನ ಸ್ಟೀರಾಯ್ಡ್‌ನಿಂದ ಕೆರಳಿಕೆ ಇಳಿಸಿ, ಆಮೇಲೆ ಪೂರ್ತಿ ಒಣಗಿದ ಚರ್ಮಕ್ಕೆ ಇದನ್ನು ಹಚ್ಚಲು ಶುರು ಮಾಡಿದರೆ ಉರಿ ತಡೆಯುವಷ್ಟಿರುತ್ತದೆ. ಮದ್ಯ ಕುಡಿದಾಗ ಹಚ್ಚಿದ ಜಾಗ ಕೆಂಪೇರಬಹುದು. ಇದರ ಮಾಹಿತಿ ಚೀಟಿಯಲ್ಲಿ ಕ್ಯಾನ್ಸರ್ ಎಚ್ಚರಿಕೆಯ ಚೌಕಟ್ಟನ್ನು ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿ ಹಾಕಿಸಿದರು. ಹಚ್ಚುವ ರೂಪದಲ್ಲಿ ಅಂಥ ಸ್ಪಷ್ಟ ಸಂಬಂಧ ನಂತರದ ವರ್ಷಗಳಲ್ಲಿ ಸ್ಥಾಪಿತವಾಗಿಲ್ಲ. ಹೀಗಿದ್ದೂ ಬಿಸಿಲಿನಿಂದ ರಕ್ಷಿಸಿಕೊಳ್ಳುವುದು ಒಳಿತು.

ದುಡ್ಡು ಹಾಕುವುದು ಬೇಡ

ಸ್ನಾನದ ನೀರಿಗೆ ಬೆರೆಸುವ ಎಣ್ಣೆಗಳನ್ನು 482 ಮಕ್ಕಳ ಮೇಲೆ ಒಂದು ವರ್ಷ ಪರೀಕ್ಷಿಸಲಾಯಿತು, 2018ರಲ್ಲಿ ಫಲಿತಾಂಶ ಬಂತು: ಹೆಚ್ಚಿನ ಪ್ರಯೋಜನವಿಲ್ಲ. ಇಸುಬಿಗೆಂದೇ ಮಾರುವ ರೇಷ್ಮೆ ಉಡುಪನ್ನು 300 ಮಕ್ಕಳು ತೊಟ್ಟು ನೋಡಿದರು, 2017: ಪ್ರಯೋಜನವಿಲ್ಲ. ಗಡಸು ನೀರನ್ನು ಮೃದುವಾಗಿಸುವ ಯಂತ್ರವನ್ನು 336 ಮಕ್ಕಳ ಮನೆಗಳಲ್ಲಿ ಪರೀಕ್ಷಿಸಿದರು, 2011: ಅದೂ ಇಲ್ಲ. ಹುಟ್ಟಿದ ಕೂಸಿಗೆ ದಿನವೂ ಮಾಯಿಶ್ಚರೈಸರ್ ಹಚ್ಚಿದರೆ ಇಸುಬು ಬರುವುದೇ ಇಲ್ಲ ಎಂಬ ಆಸೆಯೂ 2020ರ ದೊಡ್ಡ ಪ್ರಯೋಗದಲ್ಲಿ ಈಡೇರಲಿಲ್ಲ. ಬಂದ ಮೇಲೆ ಅದು ಬೇಕೇ ಬೇಕು, ಬರದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. ಈ ನಾಲ್ಕರಲ್ಲಿ ಉಳಿಸಿದ ದುಡ್ಡಿಗೆ ದೊಡ್ಡ ಡಬ್ಬಿಯ ಮುಲಾಮು ಬರುತ್ತದೆ.

ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗೆ ಕೂಡ ನಮ್ಮ ಅಂಕ ಕಡಿಮೆ. ಎರಡೇ ದಿನದಲ್ಲಿ ಪವಾಡದಂತೆ ಇಳಿಸುತ್ತದೆ, ನಿಲ್ಲಿಸಿದಾಗ ಅನೇಕರಲ್ಲಿ ಮೊದಲಿಗಿಂತ ಜೋರಾಗಿ ಏಳುತ್ತದೆ.

ಒದ್ದೆ ಪಟ್ಟಿ ಇವುಗಳಂತಲ್ಲ: ಖರ್ಚು ಕಡಿಮೆ, ಫಲ ಹೆಚ್ಚು, ಶ್ರಮವೂ ಹೆಚ್ಚು. ರಾತ್ರಿ ಸ್ನಾನದ ನಂತರ ಕೆರಳಿದ ಜಾಗಕ್ಕೆ ಹೇಳಿದ ಸ್ಟೀರಾಯ್ಡ್, ಉಳಿದೆಡೆ ಧಾರಾಳವಾಗಿ ಮಾಯಿಶ್ಚರೈಸರ್. ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಬಟ್ಟೆ ಅಥವಾ ಕೊಳವೆ ಬ್ಯಾಂಡೇಜು. ಅದರ ಮೇಲೆ ಒಣಗಿದ ಇನ್ನೊಂದು ಪದರ. ಕೆಲವು ರಾತ್ರಿಗಳಲ್ಲೇ ನಿದ್ದೆ ಮರಳುತ್ತದೆ. ಒದ್ದೆಯ ಕೆಳಗೆ ಚರ್ಮ ಸ್ಟೀರಾಯ್ಡನ್ನು ಹೆಚ್ಚು ಹೀರಿಕೊಳ್ಳುತ್ತದೆ, ಆದ್ದರಿಂದ ಒಂದೆರಡು ವಾರ ಮೀರಬಾರದು, ಮಕ್ಕಳಲ್ಲಿ ವೈದ್ಯರ ಗಮನದಲ್ಲೇ ಮಾಡಬೇಕು. ಕೀವು, ಜೇನಿನ ಬಣ್ಣದ ಹಕ್ಕಳೆ ಇರುವ ಜಾಗಕ್ಕೆ ಸುತ್ತಲೇಬಾರದು.

ಬ್ಲೀಚ್ ಸ್ನಾನದ ಹೆಸರು ಕೇಳಿದರೆ ಮೈ ಝುಂ ಎನ್ನುತ್ತದೆ, ಆದರೆ ಗುರಿಯ ಪ್ರಮಾಣ ಕೇವಲ ಶೇ. 0.005. ಶೇ. 5ರ ಸೋಡಿಯಂ ಹೈಪೊಕ್ಲೋರೈಟ್ ಆದರೆ ಒಂದು ಲೀಟರ್ ನೀರಿಗೆ 1 ಮಿಲಿಲೀಟರ್. ಕಣ್ಣಳತೆ ಬೇಡ, ಸಿರಿಂಜ್ ಬಳಸಿ. ಸುವಾಸನೆ, ಮಾರ್ಜಕ ಸೇರಿದ್ದು ಬೇಡ, ಬೇರೆ ಯಾವ ಶುಚಿಕಾರಕದೊಡನೆಯೂ ಬೆರೆಸಬಾರದು. ವಾರಕ್ಕೆ ಎರಡು ಸಲ, 5ರಿಂದ 10 ನಿಮಿಷ, ಮುಖ ಬಿಟ್ಟು. ಆಮೇಲೆ ಸಾದಾ ನೀರು, ಮಾಯಿಶ್ಚರೈಸರ್. ಬರೀ ನೀರಿನ ಸ್ನಾನಕ್ಕಿಂತ ಇದು ಎಷ್ಟು ಮೇಲು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಪದೇಪದೇ ಆಗುವವರು ವೈದ್ಯರನ್ನು ಕೇಳಿ ಮಾಡಬಹುದು, ಎಲ್ಲರಿಗೂ ಬೇಕಿಲ್ಲ.

ಹಚ್ಚುವ ಔಷಧಿ ಸಾಲದಾದಾಗ

ಮೊದಲು ಅಳತೆ ಸರಿಯಿತ್ತೇ ಎಂದು ನೋಡಿ ಆಮೇಲೆ ಈ ಮೆಟ್ಟಿಲು ಹತ್ತಬೇಕು. 311 ನ್ಯಾನೊಮೀಟರ್‌ನ ಕಿರುಪಟ್ಟಿ ಅತಿನೇರಳೆ ಬೆಳಕು ಒಳ್ಳೆಯದೇ, ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಿಬರಲು ಆಗಬೇಕು. ರೋಗನಿರೋಧಕ ಶಕ್ತಿಯ ಅತಿರೇಕವನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮಾತ್ರೆ. ಅದನ್ನು ದಿನವೂ ನುಂಗಿ ಪ್ರಾಣಾಪಾಯ ತಂದುಕೊಂಡವರಿದ್ದಾರೆ, ವಾರದ ಯಾವ ದಿನ ನುಂಗಬೇಕು ಎಂಬುದನ್ನು ಡಬ್ಬಿಯ ಮೇಲೇ ಬರೆದಿಡಿ.

ಡುಪಿಲುಮಾಬ್ ಚುಚ್ಚುಮದ್ದು ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂಕೇತವನ್ನೇ ತಡೆಯುತ್ತದೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವಯಸ್ಕರಿಗೆ ಮೊದಲು 600 ಮಿಲಿಗ್ರಾಂ, ಆಮೇಲೆ ಎರಡು ವಾರಕ್ಕೊಮ್ಮೆ 300. ಪದೇಪದೇ ರಕ್ತಪರೀಕ್ಷೆ ಬೇಡ, ಕಣ್ಣು ಕೆಂಪಾಗಿ ನವೆಯಾಗುವುದು ಮುಖ್ಯ ತೊಂದರೆ. ಫಲ ಇದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ 16 ವಾರ ಕೊಡಬೇಕು. ಉಪಾಡಸಿಟಿನಿಬ್, ಅಬ್ರೊಸಿಟಿನಿಬ್ ಮಾತ್ರೆಗಳು ದಿನಗಳಲ್ಲೇ ತುರಿಕೆ ಇಳಿಸುತ್ತವೆ. ಆದರೆ ಶುರು ಮಾಡುವ ಮುನ್ನ ಕ್ಷಯದ ತಪಾಸಣೆ, ನಡುನಡುವೆ ರಕ್ತಪರೀಕ್ಷೆ ಬೇಕು, ಸರ್ಪಸುತ್ತು ಬರುವ ಸಾಧ್ಯತೆ ಹೆಚ್ಚು, ಹೃದಯ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಎಚ್ಚರಿಕೆಯೂ ಇದೆ. ವಯಸ್ಸಾದ, ಧೂಮಪಾನ ಮಾಡುವ ವ್ಯಕ್ತಿಗೆ ನಾವಾದರೆ ಮೊದಲು ಚುಚ್ಚುಮದ್ದನ್ನೇ ನೋಡುತ್ತೇವೆ.

ಯಾವುದನ್ನೇ ಬಳಸಿ, ಇಳಿಯುತ್ತಿದೆಯೇ ಎಂಬುದನ್ನು ನೆನಪಿಗೆ ಬಿಡಬೇಡಿ. ಪೊಯಮ್ ಎಂಬ ಏಳು ಪ್ರಶ್ನೆಗಳ ಪಟ್ಟಿ ಇದೆ: ಕಳೆದ ವಾರ ಎಷ್ಟು ದಿನ ತುರಿಕೆ, ಎಷ್ಟು ರಾತ್ರಿ ನಿದ್ದೆಗೆಟ್ಟಿತು, ರಕ್ತ ಬಂತೇ, ನೀರು ಸೋರಿತೇ, ಬಿರುಕು ಬಿಟ್ಟಿತೇ, ಹೊಟ್ಟೆದ್ದಿತೇ, ಒಣಗಿತೇ. ಒಂದೊಂದಕ್ಕೆ 0ಯಿಂದ 4, ಒಟ್ಟು 28. 7ರವರೆಗೆ ಸೌಮ್ಯ, 8ರಿಂದ 16 ಮಧ್ಯಮ, 17 ಅಥವಾ ಹೆಚ್ಚಾದರೆ ತೀವ್ರ. ವಾರಕ್ಕೊಮ್ಮೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮೂರು ನಾಲ್ಕು ಅಂಕ ಇಳಿದರೆ ಅದು ನಿಜವಾದ ಇಳಿತ.

ಒಂದು ಸಂದರ್ಭದಲ್ಲಿ ಮಾತ್ರ ಅಂಕ ಬರೆಯುತ್ತಾ ಕೂರಬಾರದು. ಇಸುಬಿನ ಜಾಗದಲ್ಲಿ ದಿಢೀರನೆ ಒಂದೇ ಗಾತ್ರದ ಸಣ್ಣ ಬೊಕ್ಕೆಗಳು ಗುಂಪಾಗಿ ಎದ್ದು, ಒಡೆದು, ಮೊಳೆಯಿಂದ ಚುಚ್ಚಿದಂಥ ಹುಣ್ಣುಗಳಾಗಿ, ತುರಿಕೆಗಿಂತ ನೋವೇ ಹೆಚ್ಚಾಗಿ, ಜೊತೆಗೆ ಜ್ವರ ಬಂದರೆ ಅದು ಹರ್ಪಿಸ್ ವೈರಸ್ಸು ಹರಡಿರುವ ಲಕ್ಷಣ. ಅಸೈಕ್ಲೊವಿರ್ ಎಂಬ ವೈರಸ್ ತಡೆಯುವ ಔಷಧಿ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಕಣ್ಣಿನ ಹತ್ತಿರ ಇದ್ದರೆ ದೃಷ್ಟಿಗೇ ಅಪಾಯ, ಕಣ್ಣಿನ ವೈದ್ಯರೂ ನೋಡಬೇಕು. ಟ್ಯಾಕ್ರೊಲಿಮಸ್ ನಿಲ್ಲಿಸಿ, ಒದ್ದೆ ಪಟ್ಟಿ ಬಿಚ್ಚಿ, ಬೆಳಗಾಗಲಿ ಎಂದು ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.